ಉಳಿದ ಹದಿನೆಂಟು ಮಾತ್ರೆ

ನಮ್ಮ ಮನೆ ರಾಜಾಜಿನಗರದಲ್ಲಿ, ಮೂವತ್ತು ನಲವತ್ತರ ಸೈಟಿನಲ್ಲಿ ಅಪ್ಪ ಕಟ್ಟಿಸಿದ್ದು. ಮುಂಬಾಗಿಲು ಪಡುವಣಕ್ಕೆ. ಮಧ್ಯಾಹ್ನವಾಯಿತೆಂದರೆ ಮುಂದಿನ ವರಾಂಡದಲ್ಲಿ ಕಾಲಿಡಲಾಗದಷ್ಟು ಬಿಸಿಲು. ಹಾಗಾಗಿ ನಮ್ಮಪ್ಪ ಚನ್ನವೀರಪ್ಪನವರು ಶಿರಸ್ತೇದಾರಿಕೆಯಿಂದ ನಿವೃತ್ತರಾದ ಮೇಲೆ ತಮ್ಮ ಆರಾಮಕುರ್ಚಿಯನ್ನು ಹಿತ್ತಲ ಜಗಲಿಗೆ ಸಾಗಿಸಿದರು. ಅಲ್ಲಿ ಹೊಂಗೆ ಮರದ ನೆರಳು. ಪೂಜೆ, ತಿಂಡಿ ಮುಗಿಸಿ ಒಂಬತ್ತಕ್ಕೆ ಅವರು ಅಲ್ಲಿ ಕುಳಿತರೆ ಅವರದೇ ವಯಸ್ಸಿನ ಮೂರ್ನಾಲ್ಕು ಜನ ಬಂದು ಸೇರುತ್ತಿದ್ದರು. ಪೇಪರು, ಎಲೆ ಅಡಿಕೆ, ಸರ್ಕಾರದ ವಿಚಾರ, ಮಠದ ವಿಚಾರ. ಊಟಕ್ಕೆಂದು ಒಂದು ಗಳಿಗೆ ಎದ್ದರೆ ಮತ್ತೆ ದೀಪ ಹಚ್ಚುವವರೆಗೆ ಅಲ್ಲೇ.

ಆ ಜಗಲಿಯನ್ನು ದಾಟಿ, ಹದಿನೈದು ಹೆಜ್ಜೆ ಆಚೆ, ಕಾಂಪೌಂಡಿನ ಮೂಲೆಯಲ್ಲಿ ಕಕ್ಕಸು.

ಇಂಥದನ್ನೆಲ್ಲ ಬಾಯಿಬಿಟ್ಟು ಹೇಳುವುದು ಮರ್ಯಾದಸ್ಥರಿಗೆ ಸಲ್ಲದು ಎನ್ನುವವರು ಇಲ್ಲಿಗೇ ಪುಸ್ತಕ ಮಡಚಬಹುದು. ಆ ಮರ್ಯಾದೆ ನಮ್ಮ ಮನೆಯಲ್ಲಿ ಎರಡು ಜೀವ ತೆಗೆದಿದೆ. ಹಳಿಯುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಳಿಯಬೇಕಾದವರಲ್ಲಿ ನಾನೂ ಒಬ್ಬಳು.

ನನ್ನ ಅಣ್ಣ ಸೋಮಲಿಂಗಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಎಪ್ಪತ್ತಮೂರರ ಬೇಸಿಗೆಯಲ್ಲಿ ಅವನಿಗೆ ಮದುವೆಯಾಯಿತು. ಅತ್ತಿಗೆಯ ಹೆಸರು ಜಯದೇವಿ. ಅವರ ತಂದೆ ಚಿಕ್ಕಜಾಜೂರಿನ ಕಡೆ ರೈಲ್ವೆಯಲ್ಲಿ ಕೆಲಸದಲ್ಲಿದ್ದವರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ಅಲ್ಲಿಂದ ಬೆಂಗಳೂರಿನವರೆಗಿನ ಸ್ಟೇಷನ್ನುಗಳ ಹೆಸರನ್ನು ರೈಲು ಓಡುವ ತಾಳದಲ್ಲಿ, ಒಂದೇ ಉಸಿರಿಗೆ ಹೇಳಿ ನನ್ನನ್ನು ನಗಿಸುತ್ತಿದ್ದರು. ನನಗಿಂತ ಎರಡೇ ವರ್ಷಕ್ಕೆ ದೊಡ್ಡವರು. ಮನೆ ತುಂಬಿದ ದಿನ, ಪ್ರಯಾಣದ ದಣಿವಿಗೆ, ಅಮ್ಮ ಕೊಟ್ಟ ಚೊಂಬಿನ ನೀರನ್ನು ಎತ್ತಿ ಗಟಗಟನೆ ಕುಡಿದು ಮುಗಿಸಿದ್ದರು. ‘ಬಾವೀನೇ ಕುಡಿದುಬಿಡ್ತಾಳೆ ನಮ್ಮ ಸೊಸೆ’ ಎಂದು ನೆಂಟರು ತಮಾಷೆ ಮಾಡಿದರು.

ಮೂರನೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಅತ್ತಿಗೆ ಚೊಂಬು ಹಿಡಿದು ಹಿತ್ತಲ ಬಾಗಿಲು ದಾಟಿದರು. ಜಗಲಿಯಲ್ಲಿ ಮಾತು ನಿಂತಿತು. ಅಪ್ಪ ಕೆಮ್ಮಿದರು. ಅಡುಗೆಮನೆಯಲ್ಲಿದ್ದ ಅಮ್ಮ ಓಡಿಬಂದು ಸೊಸೆಯ ರಟ್ಟೆ ಹಿಡಿದು ಒಳಕ್ಕೆಳೆದುಕೊಂಡಳು.

“ಏನೇ ಇದು? ಮಾವ ಕೂತಿದಾರೆ, ಅವರ ಸ್ನೇಹಿತರು ಕೂತಿದಾರೆ. ಅವರ ಮುಂದೆ ಚೊಂಬು ಹಿಡ್ಕೊಂಡು ಮೆರವಣಿಗೆ ಹೊರಟಿದೀಯಲ್ಲ?”

“ಮತ್ತೆ ಎಲ್ಲಿಗೆ ಹೋಗ್ಲಿ ಅತ್ತೆ?”

“ಬೆಳಿಗ್ಗೆ ಅವರು ಏಳೋಕೆ ಮುಂಚೆ ಹೋಗು. ಸಂಜೆ ದೀಪ ಹಚ್ಚಿದ ಮೇಲೆ ಹೋಗು. ನಾನು ಮೂವತ್ತು ವರ್ಷ ಹಂಗೇ ಬಾಳಿಲ್ವಾ? ನೀರು ಕಮ್ಮಿ ಕುಡಿ, ತಾನಾಗೇ ಅಭ್ಯಾಸ ಆಗುತ್ತೆ.”

ಬಚ್ಚಲು ಮನೆಯೊಳಗೇ ಇತ್ತು. ಆದರೆ ಅಲ್ಲಿ ಪೂಜೆಯ ನೀರಿನ ಹಂಡೆ ಇತ್ತು, ಅಲ್ಲಿ ಕೂರುವಂತಿರಲಿಲ್ಲ. ನಾನು ಮನೆಯ ಮಗಳು. ಗೋಡೆಯ ಪಕ್ಕಕ್ಕೆ ನುಸುಳಿಕೊಂಡು ಹೋದರೆ ನನಗೆ ಯಾರೂ ಕೆಮ್ಮುತ್ತಿರಲಿಲ್ಲ. ಹಾಗಾಗಿ ಆ ನಿಯಮ ನನ್ನ ಕಣ್ಣಿಗೆ ನಿಯಮವಾಗಿಯೇ ಕಾಣಲಿಲ್ಲ. ನಮ್ಮ ಧರ್ಮದಲ್ಲಿ ಮಡಿಮೈಲಿಗೆಯಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಅಪ್ಪ ಜಗಲಿಯಲ್ಲಿ ಕುಳಿತು ಸ್ನೇಹಿತರಿಗೆ ವಿವರಿಸುವಾಗ, ಗೋಡೆಯ ಈಚೆ ಅತ್ತಿಗೆ ಹೊಟ್ಟೆ ಅಮುಕಿ ಹಿಡಿದುಕೊಂಡು ಅಕ್ಕಿ ಆರಿಸುತ್ತಿದ್ದರು.

ಊಟಕ್ಕೂ ಒಂದು ಕ್ರಮವಿತ್ತು. ಲಿಂಗಪೂಜೆಯಾಗದೆ ಯಾರೂ ಹನಿ ನೀರು ಮುಟ್ಟುವಂತಿಲ್ಲ. ಪೂಜೆಯಾದ ಮೇಲೆ ಮೊದಲು ಅಪ್ಪ, ಅಣ್ಣ. ಆಮೇಲೆ ಅಮ್ಮ, ನಾನು. ಕೊನೆಗೆ, ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ಅತ್ತಿಗೆ. ಬೆಳಗಿನ ತಿಂಡಿ ಅವರಿಗೆ ಹತ್ತೂವರೆಗೆ, ಮಧ್ಯಾಹ್ನದ ಊಟ ಮೂರಕ್ಕೆ. ಇದನ್ನೂ ನಾನು ದಿನಾ ನೋಡುತ್ತಿದ್ದೆ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಕಪ್ಪೆಯ ಮೂತ್ರಪಿಂಡದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಹತ್ತಕ್ಕೆ ಒಂಬತ್ತು ತೆಗೆದುಕೊಂಡಿದ್ದೆ.

ಎಪ್ಪತ್ತನಾಲ್ಕರ ಆಷಾಢ ಕಳೆಯುವ ಹೊತ್ತಿಗೆ ಅತ್ತಿಗೆಗೆ ಐದು ತಿಂಗಳು. ಒಂದು ಸಂಜೆ ನಾನು ಓದುತ್ತಿದ್ದ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

“ಜಗದಾಂಬಾ, ಯಾರಿಗೂ ಹೇಳ್ಬೇಡ. ಹದಿನೈದು ದಿನದಿಂದ ಒಂದಕ್ಕೆ ಹೋಗೋಕೆ ಆಗ್ತಿಲ್ಲ. ಬೆಂಕಿ ಇಟ್ಟ ಹಂಗೆ ಉರಿಯುತ್ತೆ. ನಾಲ್ಕು ಹನಿ ಬರುತ್ತೆ, ಮತ್ತೆ ಬಂದ ಹಂಗಾಗುತ್ತೆ. ಕಿಬ್ಬೊಟ್ಟೆ ಹಿಂಡುತ್ತೆ.”

“ಅಣ್ಣಂಗೆ ಹೇಳಿದ್ರಾ ಅತ್ತಿಗೆ?”

“ಹೇಳ್ದೆ. ‘ಅಮ್ಮನ್ನ ಒಂದು ಮಾತು ಕೇಳು’ ಅಂದ್ರು. ಅತ್ತೆ ‘ಉಷ್ಣ’ ಅಂತ ಜೀರಿಗೆ ಕಷಾಯ ಮಾಡಿಕೊಟ್ರು. ಕಷಾಯ ಕುಡಿದ್ರೆ ಇನ್ನೂ ಒಂದು ಸಲ ಹೋಗ್ಬೇಕಾಗುತ್ತೆ. ಹೇಗೆ ಕುಡೀಲಿ?”

ಬಸುರಿಯ ತಪಾಸಣೆ ಎಂದು ಅಮ್ಮನಿಗೆ ಹೇಳಿ ಶನಿವಾರ ಬೆಳಿಗ್ಗೆ ಅತ್ತಿಗೆಯನ್ನು ನಾನೇ ಕರೆದುಕೊಂಡು ಹೋದೆ. ಎರಡು ಬೀದಿ ಆಚೆ ಲೇಡಿ ಡಾಕ್ಟರೊಬ್ಬರ ಕ್ಲಿನಿಕ್ಕಿತ್ತು. ನರೆತ ತಲೆಯ, ಗಟ್ಟಿ ದನಿಯ ಹೆಂಗಸು. ಅತ್ತಿಗೆ ನೆಲ ನೋಡುತ್ತ ಕುಳಿತಾಗ ಅವರು ಪೆನ್ನು ಕೆಳಗಿಟ್ಟು, “ಇಲ್ಲಿ ನಾಚಿಕೊಂಡ್ರೆ ಕಾಯಿಲೆ ನಾಚಿಕೊಳ್ಳುತ್ತಾ? ಹೇಳಮ್ಮ” ಎಂದರು. ಅತ್ತಿಗೆ ಎಲ್ಲವನ್ನೂ ಹೇಳಿದರು. ಡಾಕ್ಟರು ಮೂತ್ರ ಹಿಡಿಸಿ, ಗಾಜಿನ ನಳಿಕೆಯಲ್ಲಿ ಕಾಯಿಸಿ ನೋಡಿದರು. ಚೀಟಿ ಬರೆದರು. ಔಷಧಿ ಅಂಗಡಿಯಿಂದ ನಾನು ತಂದ ಕಂದು ಸೀಸೆಯ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದರು. ಹಳದಿ ಮಾತ್ರೆ, ಇಪ್ಪತ್ತೆಂಟು.

“ನೋಡಮ್ಮ ಜಯದೇವಿ, ಇದು ಮೂತ್ರದ ಸೋಂಕು. ದಿನಕ್ಕೆ ನಾಲ್ಕು, ಏಳು ದಿನ. ಖಾಲಿ ಹೊಟ್ಟೇಲಿ ತಗೋಬೇಡ, ವಾಂತಿ ಬರುತ್ತೆ. ಊಟದ ಜೊತೆ ತಗೋ, ಇಲ್ಲ ಒಂದು ಲೋಟ ಹಾಲು ಕುಡಿದು ತಗೋ. ಮೂತ್ರ ಕಂದು ಬಣ್ಣಕ್ಕೆ ಹೋಗುತ್ತೆ, ಟೀ ಡಿಕಾಕ್ಷನ್ ಥರ. ಅದು ಮಾತ್ರೆಯ ಬಣ್ಣ, ಹೆದರ್ಕೋಬೇಡ. ಮೂರನೇ ದಿನಕ್ಕೆ ಉರಿ ನಿಂತುಬಿಡುತ್ತೆ. ವಾಸಿಯಾಯ್ತು ಅಂತ ಅಲ್ಲಿಗೆ ಬಿಟ್ಟೆಯೋ, ಕೆಟ್ಟೆ. ಅರ್ಧ ಸತ್ತ ಕ್ರಿಮಿ ಮತ್ತೆ ಏಳುತ್ತೆ, ಮೇಲಕ್ಕೆ ಹತ್ತುತ್ತೆ. ಇಪ್ಪತ್ತೆಂಟೂ ಮುಗೀಬೇಕು.”

ಆಮೇಲೆ ನನ್ನ ಕಡೆ ತಿರುಗಿದರು. “ನೀನು ಓದಿದ ಹುಡುಗಿ. ನೀನು ಕೇಳಿಸ್ಕೋ. ನೀರು ಚೆನ್ನಾಗಿ ಕುಡೀಬೇಕು, ಬಂದಾಗ ಹೋಗಬೇಕು, ತಡ್ಕೋಬಾರದು. ಈ ಮಾತ್ರೇನ ಇನ್ನೊಬ್ಬರಿಗೆ ಕೊಡಬಾರದು. ಮೈಮೇಲೆ ದದ್ದು ಎದ್ರೆ, ಉಸಿರು ಕಟ್ಟಿದ್ರೆ ಮಾತ್ರೆ ನಿಲ್ಲಿಸಿ ಬನ್ನಿ. ಚಳಿಜ್ವರ ಬಂದ್ರೆ, ಬೆನ್ನಿನ ಪಕ್ಕದಲ್ಲಿ ನೋವು ಬಂದ್ರೆ, ಅದೇ ಗಳಿಗೆಗೆ ಬನ್ನಿ. ನಾಳೆ ನೋಡೋಣ ಅನ್ನಬೇಡಿ. ಬಸುರಿ ಹೆಂಗಸು ಇವಳು.”

ಒಂದೊಂದು ಮಾತನ್ನೂ ನಾನು ಕೇಳಿಸಿಕೊಂಡೆ. ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ.

ಶನಿವಾರ ಉಳಿದ ಹೊತ್ತಿನಲ್ಲಿ ಮೂರು ಮಾತ್ರೆ, ಭಾನುವಾರ ನಾಲ್ಕು. ಹಾಲಿನ ಲೋಟವನ್ನು ನಾನು ನನ್ನದೆಂದು ಹೇಳಿ ತಂದು ಅತ್ತಿಗೆಗೆ ಕೊಟ್ಟೆ. ಭಾನುವಾರ ಸಂಜೆ ಅವರ ಮುಖ ಸಡಿಲಗೊಂಡಿತ್ತು. ತರೀಕೆರೆಯ ಕಡೆಯ ಸ್ಟೇಷನ್ನುಗಳನ್ನೂ ಕಲಿಸುತ್ತೇನೆ ಎಂದರು.

ಸೋಮವಾರ ಶ್ರಾವಣದ ಮೊದಲ ಸೋಮವಾರ. ಗಂಡು ಮಗುವಾಗಲೆಂದು ಅಮ್ಮ ಸೊಸೆಯ ಹೆಸರಿನಲ್ಲಿ ಹರಕೆ ಹೊತ್ತಿದ್ದಳು. ನಾಲ್ಕು ಸೋಮವಾರ ಉಪವಾಸ, ಸಂಜೆ ದೀಪವಾದ ಮೇಲೆ ಒಂದು ಹೊತ್ತು ಫಲಾಹಾರ.

“ಅಮ್ಮಾ, ಮಾತ್ರೆ ತಗೋಬೇಕು ಅತ್ತಿಗೆ. ಹೊಟ್ಟೆಗೆ ಏನಾದ್ರೂ ಬಿದ್ದಿರಬೇಕು ಅಂದಿದಾರೆ ಡಾಕ್ಟ್ರು” ಎಂದೆ.

“ಯಾವ ಮಾತ್ರೆ? ಟಾನಿಕ್ ತಾನೇ? ನಾಳೆ ತಗೋತಾಳೆ ಬಿಡು.”

“ಟಾನಿಕ್ ಅಲ್ಲ. ಸೋಂಕಿಗೆ ಕೊಟ್ಟಿದ್ದು.”

ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿದಳು. “ಏನು ಸೋಂಕು? ಎಲ್ಲಿ ಸೋಂಕು? ಬಸುರಿ ಹೆಂಗಸು ಅಂಥದ್ದೆಲ್ಲ ಊರವರ ಮುಂದೆ ಹೇಳ್ಕೊಂಡು ಬಂದ್ಲಾ? ಆರು ಹೆತ್ತೆ ಕಣೇ ನಾನು. ಒಂದು ದಿನ ಒಂದು ಇಂಗ್ಲಿಷ್ ಮಾತ್ರೆ ನುಂಗಲಿಲ್ಲ.”

ಆರು ಹೆತ್ತವಳ ಮನೆಯಲ್ಲಿ ಉಳಿದದ್ದು ಅಣ್ಣ, ನಾನು ಇಬ್ಬರೇ. ಆ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಕಾಲೇಜಿಗೆ ಹೊರಟೆ. ಬಸ್ಸು ತಪ್ಪುತ್ತದೆಂದು ನನಗೆ ಆತುರ.

ಡಾಕ್ಟರ ಮಾತನ್ನು ಮೀರಲಾಗದೆ, ಅತ್ತೆಯ ಮಾತನ್ನೂ ಮೀರಲಾಗದೆ, ಅತ್ತಿಗೆ ಖಾಲಿ ಹೊಟ್ಟೆಯಲ್ಲೇ ಮಾತ್ರೆ ನುಂಗಿದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಎರಡೂ ವಾಂತಿಯಾದವು. ಸಂಜೆ ನಾನು ಮನೆಗೆ ಬಂದಾಗ ಮೂರನೆಯದನ್ನು ನುಂಗಿ ಗೋಡೆಗೆ ಒರಗಿದ್ದರು. ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದರು. ಓಕರಿಕೆಯ ರಭಸಕ್ಕೆ ಅವರಿಗೆ ತಡೆಯಲಾಗಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಮೂತ್ರ ಹರಿಯಿತು. ಕಡುಕಂದು ಬಣ್ಣ.

ಅಮ್ಮ ಅದನ್ನು ನೋಡಿದಳು. ಪೂಜೆಯ ಹಂಡೆಯನ್ನು ನೋಡಿದಳು.

“ಅಯ್ಯೋ ಶಿವನೇ! ರಕ್ತ ಸುಟ್ಟು ಹೋಗ್ತಾ ಇದೆ ಇವಳದ್ದು! ಹೊಟ್ಟೇಲಿರೋ ಕೂಸನ್ನ ಬೇಯಿಸ್ತಾ ಇದೀಯೇನೇ? ಎಲ್ಲಿದೆ ಆ ಮಾತ್ರೆ, ತಾ ಇಲ್ಲಿ!”

“ಅಮ್ಮಾ, ಅದು ಮಾತ್ರೆಯ ಬಣ್ಣ. ಹೀಗಾಗುತ್ತೆ ಅಂತ ಡಾಕ್ಟ್ರು ಮೊದಲೇ ಹೇಳಿದ್ರು” ಎಂದೆ.

“ನಿನ್ನನ್ನ ಓದಿಸಿದ್ದು ನನಗೆ ಬುದ್ಧಿ ಹೇಳೋಕಲ್ಲ.”

ಗದ್ದಲ ಕೇಳಿ ಅಪ್ಪ ಒಳಗೆ ಬಂದರು. ನಾನು ಅವರಿಗೆ ಎಲ್ಲವನ್ನೂ ವಿವರಿಸಿದೆ. ವಿವರಿಸುತ್ತಿದ್ದಂತೆ ಅವರ ಮುಖ ಕೆಂಪಾಯಿತು. ಮಗಳ ಬಾಯಲ್ಲಿ ಮೂತ್ರ ಎನ್ನುವ ಮಾತು ಕೇಳಬೇಕಾಗಿ ಬಂದದ್ದೇ ಅವರಿಗೆ ದೊಡ್ಡ ಅವಮಾನವಾಗಿತ್ತು. “ಹೆಂಗಸರ ವಿಚಾರ. ನಿಮ್ಮಮ್ಮ ಹೇಳಿದ ಹಾಗೆ ಮಾಡಿ” ಎಂದು ಹೊರಟುಹೋದರು. ಅಣ್ಣ ಪಾಳಿ ಮುಗಿಸಿ ಬಂದ. ಅವನೂ ಕೇಳಿದ. “ಉರಿ ಈಗ ಕಮ್ಮಿ ಆಗಿದೆಯಾ?” ಎಂದು ಹೆಂಡತಿಯನ್ನು ಕೇಳಿದ. ಕಮ್ಮಿಯಾಗಿದೆ ಎಂದರು ಅತ್ತಿಗೆ. ಸುಳ್ಳಲ್ಲ. “ಕಮ್ಮಿ ಆಗಿದ್ಮೇಲೆ ಯಾಕೆ ರಂಪ? ಬಿಟ್ಟುಬಿಡು” ಎಂದ.

ಸೀಸೆ ಅಮ್ಮನ ಕಬ್ಬಿಣದ ಪೆಟ್ಟಿಗೆ ಸೇರಿತು. ಒಳಗೆ ಹದಿನೆಂಟು ಮಾತ್ರೆ ಉಳಿದಿದ್ದವು.

ಬಚ್ಚಲನ್ನು ಸಗಣಿ ನೀರಿನಿಂದ ಮೂರು ಸಲ ತೊಳೆಸಿದರು. ತೊಳೆದವರು ಅತ್ತಿಗೆಯೇ. ನಾನು ಬೀಗದ ಕೈ ಕಿತ್ತುಕೊಳ್ಳಬಹುದಿತ್ತು. ಮರುದಿನ ಕ್ಲಿನಿಕ್ಕಿಗೆ ಓಡಿ ಡಾಕ್ಟರನ್ನೇ ಮನೆಗೆ ಕರೆತರಬಹುದಿತ್ತು. ಮಾಡಲಿಲ್ಲ. ಅತ್ತಿಗೆ ನಗುನಗುತ್ತಲೇ ಇದ್ದರು; ಎಲ್ಲ ಸರಿಹೋಯಿತೇನೋ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೂ ಸುಲಭವಾಗಿತ್ತು.

ಇನ್ನು ನನ್ನ ಪಾಲಿನದು. ಎಂಟು ದಿನದ ಮೇಲೆ ನನಗೂ ಉರಿ ಶುರುವಾಯಿತು. ಕಾಲೇಜಿನಲ್ಲಿ ಹುಡುಗಿಯರ ಕಕ್ಕಸಿನ ಚಿಲಕ ಮುರಿದು ತಿಂಗಳಾಗಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ತಡೆದುಕೊಂಡಿರುತ್ತಿದ್ದೆ. ಅಮ್ಮನಿಗೆ ಹೇಳಿದೆ. ಅವಳು ಪೆಟ್ಟಿಗೆ ತೆಗೆದು ಆ ಸೀಸೆಯಿಂದ ಆರು ಮಾತ್ರೆ ಎಣಿಸಿ ನನ್ನ ಅಂಗೈಗೆ ಹಾಕಿದಳು.

“ಬಸುರಿಗೆ ಆಗಿ ಬರಲಿಲ್ಲ. ನಿನಗೆ ಆಗುತ್ತೆ. ಊಟ ಆದ ತಕ್ಷಣ ತಗೋ. ಹಾಲು ಕಾಯಿಸಿ ಕೊಡ್ತೀನಿ.”

ಅತ್ತಿಗೆ ಅಲ್ಲೇ ರಾಗಿಮುದ್ದೆ ತಿರುವುತ್ತಿದ್ದರು. ನನ್ನನ್ನು ನೋಡಿದರು. ಮತ್ತೆ ಮುದ್ದೆಯ ಕೋಲು ತಿರುವಿದರು. ಇನ್ನೊಬ್ಬರ ಮಾತ್ರೆ ಮುಟ್ಟಬಾರದೆಂದು ನನ್ನದೇ ಕೈಬರಹದಲ್ಲಿ ನನ್ನದೇ ಪುಸ್ತಕದಲ್ಲಿತ್ತು. ನಾನು ಬಿಸಿ ಹಾಲು ಕುಡಿದು ನುಂಗಿದೆ. ಎರಡು ದಿನದಲ್ಲಿ ನನ್ನ ಉರಿ ನಿಂತಿತು.

ಶ್ರಾವಣದ ಮೂರನೆಯ ಸೋಮವಾರ. ಉಪವಾಸವಿದ್ದ ಅತ್ತಿಗೆ ಮಧ್ಯಾಹ್ನ ಒರಳು ತಿರುಗಿಸುತ್ತ ಕುಳಿತಲ್ಲೇ ನಡುಗತೊಡಗಿದರು. ಹಲ್ಲು ಕಟಕಟ ಎನ್ನುವ ನಡುಕ. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಮೈ ಕೆಂಡ. ಬಲಪಕ್ಕೆಯ ಹಿಂದೆ ಕೈಯಿಟ್ಟುಕೊಂಡು, “ಇಲ್ಲಿ ಚಾಕು ಹಾಕಿ ತಿರುವಿದ ಹಂಗಾಗುತ್ತೆ” ಎಂದರು.

“ಅಮ್ಮಾ, ಇದನ್ನೇ ಡಾಕ್ಟ್ರು ಹೇಳಿದ್ದು. ಈಗಲೇ ಕರ್ಕೊಂಡು ಹೋಗಬೇಕು” ಎಂದೆ.

“ಐದು ತಿಂಗಳು ತುಂಬಿದ ಮೇಲೆ ಸೊಂಟ ನೋಯದೆ ಇರುತ್ತಾ? ಮಳೆಗಾಲದ ಚಳಿಜ್ವರ. ಎಲ್ಲ ಮನೇಲೂ ಇದೆ. ಆ ಡಾಕ್ಟರ ಹತ್ರ ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು.”

ಅಣ್ಣನ ಮುಂದೆ ನಾನು ಅತ್ತುಬಿಟ್ಟೆ. ನಾಳೆ ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ ಎಂದ. ಮರುದಿನ ರಜೆ ಸಿಗಲಿಲ್ಲ. ಮಂಗಳವಾರ ಅಮ್ಮ ದೃಷ್ಟಿ ತೆಗೆದಳು, ಹಣೆಗೆ ವಿಭೂತಿ ಹಚ್ಚಿದಳು. ಬುಧವಾರ ಅತ್ತಿಗೆಗೆ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕ್ಲಿನಿಕ್ಕಿಗೆ ನಾನೊಬ್ಬಳೇ ಹೋದೆ. ಡಾಕ್ಟರು ಊರಲ್ಲಿರಲಿಲ್ಲ, ಬಾಗಿಲಿಗೆ ಚೀಟಿ ಅಂಟಿಸಿತ್ತು. ಪಾತ್ರೆ ತೊಳೆಯಲು ಲಗ್ಗೆರೆಯಿಂದ ಬರುತ್ತಿದ್ದ ಬೋರಮ್ಮ ಅತ್ತಿಗೆಯ ಕೈ ಮುಟ್ಟಿ ನೋಡಿ ಅಮ್ಮನ ಮುಂದೆ ನಿಂತಳು.

“ಅಮ್ಮಾರೇ, ಎಮ್ಮೆಗೆ ಜ್ವರ ಬಂದ್ರೆ ನಾವು ಡಾಕ್ಟ್ರನ್ನ ಕರಸ್ತೀವಿ. ಇದು ಮನುಷ್ಯ ಜೀವ.”

“ನಿನ್ನ ಕೆಲಸ ನೋಡು” ಎಂದಳು ಅಮ್ಮ.

ಗುರುವಾರ ಬೆಳಿಗ್ಗೆ ಅತ್ತಿಗೆ ನನ್ನನ್ನು ಗುರುತು ಹಿಡಿಯಲಿಲ್ಲ. ಆಗ ಟ್ಯಾಕ್ಸಿ ಬಂತು. ದೊಡ್ಡಾಸ್ಪತ್ರೆಯಲ್ಲಿ ಎತ್ತರದ ಯುವಕ ಡಾಕ್ಟರೊಬ್ಬರು ನೋಡಿ, ಇದಕ್ಕೆ ಮೊದಲು ಯಾವ ಔಷಧ ಕೊಟ್ಟಿದ್ದರು, ತನ್ನಿ ಎಂದರು. ನಾನು ಮನೆಗೆ ಓಡಿಬಂದು, ಪೆಟ್ಟಿಗೆಯ ಬೀಗವನ್ನು ಕಲ್ಲಿನಿಂದ ಹೊಡೆದು ಸೀಸೆ ತೆಗೆದುಕೊಂಡು ಹೋದೆ. ಹದಿನೇಳು ದಿನ ಮೊದಲು ಹೊಡೆಯಬೇಕಾಗಿದ್ದ ಬೀಗ.

ಡಾಕ್ಟರು ಚೀಟಿ ಓದಿ, ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡರು.

“ಇಪ್ಪತ್ತೆಂಟು ಬರೆದಿದಾರೆ. ಹನ್ನೆರಡು ಉಳಿದಿದೆ. ಹದಿನಾರು ತಗೊಂಡಿದಾರಾ?”

“ಇಲ್ಲ ಸಾರ್. ಹತ್ತು. ಅದರಲ್ಲೂ ಮೂರು ವಾಂತಿ ಆಯ್ತು.”

“ಮಿಕ್ಕ ಆರು?”

“ನಾನು ತಿಂದೆ.”

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಸೋಂಕು ಮೂತ್ರಪಿಂಡಕ್ಕೆ ಹತ್ತಿ ಅಲ್ಲಿಂದ ರಕ್ತಕ್ಕೆ ಇಳಿದಿದೆ ಎಂದರು; ಸೋಮವಾರ ಕರೆತಂದಿದ್ದರೆ ಉಳಿಸಿಕೊಳ್ಳಬಹುದಿತ್ತೇನೋ, ಈಗ ನೋಡೋಣ ಎಂದರು. ಆ ದಿನವೇ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಗಂಡು. ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅತ್ತಿಗೆಯೂ ಹೋದರು. ಇಪ್ಪತ್ತೆರಡು ವರ್ಷ ತುಂಬಿರಲಿಲ್ಲ.

ಹೆಣವನ್ನು ಮನೆಗೆ ತಂದರು. ಮೀಸಲು ನೀರೆರೆಯಲು ಹಿತ್ತಲಿಗೆ ಒಯ್ದರು. ಅಪ್ಪನ ಸ್ನೇಹಿತರು ಎದ್ದು, ಕುರ್ಚಿಗಳನ್ನು ಪಕ್ಕಕ್ಕೆಳೆದು, ತಲೆ ತಗ್ಗಿಸಿ ದಾರಿ ಬಿಟ್ಟು ನಿಂತರು. ಮನೆ ತುಂಬಿ ಹದಿನೈದು ತಿಂಗಳಾದ ಮೇಲೆ, ಹಗಲಿನಲ್ಲಿ, ಆ ಗಂಡಸರ ಮುಂದೆ ಅತ್ತಿಗೆ ಆ ಜಗಲಿಯನ್ನು ದಾಟಿದರು. ಅಂದು ಯಾರೂ ಕೆಮ್ಮಲಿಲ್ಲ.

ಚಿಕ್ಕಜಾಜೂರಿನಿಂದ ಅವರ ತಾಯಿತಂದೆ ಬರುವಷ್ಟರಲ್ಲಿ ಮನೆಯಲ್ಲಿ ಒಂದು ಕತೆ ಸಿದ್ಧವಾಗಿತ್ತು. “ಆ ಲೇಡಿ ಡಾಕ್ಟ್ರು ಕೊಟ್ಟ ಮಾತ್ರೆ ಬಲು ತೀಕ್ಷ್ಣ. ಮೈಗೆ ಹಿಡೀಲಿಲ್ಲ. ರಕ್ತವೇ ಸುಟ್ಟು ಹೋಯ್ತು. ನಾನು ಬೇಡ ಬೇಡ ಅಂದೆ” ಎಂದು ಅಮ್ಮ ಸೆರಗು ಬಾಯಿಗಿಟ್ಟು ಅತ್ತಳು. ಅವಳ ಅಳು ನಾಟಕವಾಗಿರಲಿಲ್ಲ. ಅವಳು ಅದನ್ನು ನಂಬಿದ್ದಳು. ಅತ್ತಿಗೆಯ ತಾಯಿಯೂ ನಂಬಿದರು. ಆ ಬೀದಿಯಲ್ಲಿ ಎಷ್ಟೋ ಹೆಂಗಸರು ಆ ಡಾಕ್ಟರ ಹತ್ತಿರ ಹೋಗುವುದನ್ನು ಬಿಟ್ಟರು. ವಾಸಿ ಮಾಡುತ್ತಿದ್ದ ಮಾತ್ರೆ ಕೊಂದಿತು ಎಂದಾಯಿತು. ಕೊಂದ ಪದ್ಧತಿ ಮನೆಯಲ್ಲಿ ಎಂದಿನಂತೆ ಎಲೆ ಅಡಿಕೆ ಹಾಕಿಕೊಂಡು ಕೂತಿತ್ತು. ನಾನು ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಆರು ಮಾತ್ರೆ ತಿಂದವಳಿಗೆ ಯಾವ ಬಾಯಿ?

ಆರು ತಿಂಗಳಾಗುತ್ತಿದ್ದಂತೆ ಅಣ್ಣನಿಗೆ ಮತ್ತೆ ಹೆಣ್ಣು ನೋಡತೊಡಗಿದರು. ವಿಜಯನಗರದ ಒಂದು ಮನೆ ಗೊತ್ತಾಯಿತು. ಹುಡುಗಿಯ ಹೆಸರು ಸರ್ವಮಂಗಳಾ, ಎಸ್ಸೆಸ್ಸೆಲ್ಸಿ ಓದಿದವಳು, ತಂದೆಗೆ ಬಟ್ಟೆ ವ್ಯಾಪಾರ. ಮಾಘದ ಒಂದು ಭಾನುವಾರ ಅಪ್ಪ, ಅಮ್ಮ, ಅಣ್ಣ, ನಾನು ಹೋದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟು, ನಮಸ್ಕಾರ ಮಾಡಿ ಕಂಬಳಿಯ ಅಂಚಿನಲ್ಲಿ ಕುಳಿತಳು. ಅವಳ ತಾಯಿ ಅಡುಗೆಮನೆಯ ಬಾಗಿಲಲ್ಲಿ ಅರ್ಧ ಮರೆಯಾಗಿ ನಿಂತಿದ್ದರು.

ಮಾತುಕತೆ ಸಾಗುತ್ತಿತ್ತು. ಹುಡುಗಿಯ ತಂದೆ ಸ್ವಲ್ಪ ಹಿಂಜರಿದು ಕೇಳಿದರು: “ಮೊದಲನೇ ಸೊಸೆಗೆ ಏನಾಗಿತ್ತು ಅಂತ ತಿಳಿಯಲಿಲ್ಲ. ತಪ್ಪು ತಿಳೀಬೇಡಿ.”

“ಏನು ಹೇಳೋದು” ಎಂದಳು ಅಮ್ಮ. “ಡಾಕ್ಟ್ರು ಕೊಟ್ಟ ಮಾತ್ರೆ ಆಗಿ ಬರಲಿಲ್ಲ. ಬಸುರಿ ಹುಡುಗಿ, ಮೂರು ದಿನದಲ್ಲಿ ಹೋಗಿಬಿಟ್ಟಳು. ನಮ್ಮ ಹಣೆಬರಹ.”

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ.

“ಸುಳ್ಳು” ಎಂದೆ.

ಅಪ್ಪ “ಜಗದಾಂಬಾ!” ಎಂದರು.

“ಮಾತ್ರೆಯಿಂದ ಸಾಯಲಿಲ್ಲ ನಮ್ಮತ್ತಿಗೆ. ಮಾತ್ರೆ ತಗೊಳ್ಳೋಕೆ ಬಿಡದೆ ಸತ್ತರು. ನಮ್ಮ ಮನೇಲಿ ಸೊಸೆ ಹಗಲು ಹೊತ್ತು ಕಕ್ಕಸಿಗೆ ಹೋಗೋ ಹಾಗಿಲ್ಲ. ಅಪ್ಪ, ಅವರ ಸ್ನೇಹಿತರು ಹಿತ್ತಲ ಜಗಲಿ ಮೇಲೆ ಕೂತಿರ್ತಾರೆ. ಅದಕ್ಕೆ ಅವರು ನೀರು ಕುಡಿಯೋದನ್ನೇ ಬಿಟ್ಟಿದ್ರು. ಮೂತ್ರದ ಸೋಂಕು ಬಂತು. ಡಾಕ್ಟ್ರು ಏಳು ದಿನಕ್ಕೆ ಮಾತ್ರೆ ಕೊಟ್ರು, ಊಟದ ಜೊತೆ ತಗೊಳ್ಳಿ ಅಂದ್ರು. ನಾವು ಉಪವಾಸ ಹಾಕಿದ್ವಿ. ಮಾತ್ರೆಯಿಂದ ಮೂತ್ರದ ಬಣ್ಣ ಬದಲಾಯ್ತು ಅಂತ ಮೂರನೇ ದಿನಕ್ಕೆ ಕಿತ್ತುಕೊಂಡ್ವಿ. ಅದರಲ್ಲಿ ಆರು ಮಾತ್ರೆ ನಾನೇ ತಿಂದೆ, ಹಾಲು ಕುಡಿದು. ಚಳಿಜ್ವರ ಬಂದ ಮೇಲೂ ಮೂರು ದಿನ ಮನೇಲಿಟ್ಟುಕೊಂಡ್ವಿ. ಹೊಟ್ಟೇಲಿದ್ದ ಕೂಸೂ ಹೋಯ್ತು. ಇದು ನಡೆದದ್ದು.”

ಅಣ್ಣ ನೆಲ ನೋಡುತ್ತಿದ್ದ. ಹುಡುಗಿಯ ತಂದೆ ಕೆಮ್ಮಿ, “ಹುಡುಗು ಬುದ್ಧಿ. ಇಂಥ ಮಾತೆಲ್ಲ ನಾಲ್ಕು ಜನರ ಮುಂದೆ...” ಎಂದು ಅಪ್ಪನ ಕಡೆ ನೋಡಿ ನಗಲು ಪ್ರಯತ್ನಿಸಿದರು. “ಎಲ್ಲ ಮನೇಲೂ ಒಂದೊಂದು ಕಟ್ಟುಪಾಡು ಇರ್ತವೆ ಬಿಡಿ ಚನ್ನವೀರಪ್ಪನವರೇ. ಹೊಂದ್ಕೊಂಡು ಹೋಗೋದು ಹೆಣ್ಣುಮಕ್ಕಳ ಧರ್ಮ.”

ಆಗ ಸರ್ವಮಂಗಳಾ ತಲೆಯೆತ್ತಿದಳು. ಹದಿನೆಂಟು ವರ್ಷದ ಹುಡುಗಿ, ಕೈಯಲ್ಲಿ ಸೆರಗಿನ ತುದಿಯನ್ನು ಸುತ್ತುತ್ತಿದ್ದಳು.

“ನಾನು ಈ ಮನೆಗೆ ಹೋಗಲ್ಲ ಅಪ್ಪಾ” ಎಂದಳು.

“ಒಳಗೆ ಹೋಗು.”

“ಹೋಗ್ತೀನಿ. ಆದ್ರೆ ಈ ಮನೆಗೆ ಮಾತ್ರ ಹೋಗಲ್ಲ.” ಎದ್ದಳು. ಖಾಲಿ ತಟ್ಟೆಗಳನ್ನು ಎತ್ತಿಕೊಳ್ಳದೆ ಅಲ್ಲೇ ಬಿಟ್ಟು ಒಳಗೆ ಹೋದಳು.

ಅಲ್ಲಿಗೆ ಆ ಸಂಬಂಧ ಮುಗಿಯಿತು. ಅಪ್ಪ ಯಾರಿಗೂ ಕಾಯದೆ ಹೊರಟರು. ಅಮ್ಮ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದು ಹೊಸ್ತಿಲವರೆಗೆ ಎಳೆದು ತಂದು, “ನನ್ನ ಪಾಲಿಗೆ ನೀನೂ ಅವಳ ಜೊತೆ ಸತ್ತೆ” ಎಂದು ಬಿಟ್ಟಳು. ಅವಳು ಇಂದಿಗೂ ನನ್ನೊಡನೆ ಮಾತಾಡಿಲ್ಲ. ನಾನೀಗ ಮೂಡಲಪಾಳ್ಯದ ಒಂದು ಶಾಲೆಯಲ್ಲಿ ಟೀಚರಾಗಿದ್ದೇನೆ, ಒಬ್ಬಳೇ ಇದ್ದೇನೆ. ಆದರೆ ಅಂದು ಅಮ್ಮನ ಮಾತಿಗಿಂತ ನೋಯಿಸಿದ್ದು ಅಣ್ಣನದು. ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ, ಅವನು ಕೇಳಿದ:

“ಇನ್ನು ನನಗೆ ಯಾರು ಹೆಣ್ಣು ಕೊಡ್ತಾರೆ?”

ಜಯದೇವಿಯ ಹೆಸರನ್ನು ಅವನು ಎತ್ತಲಿಲ್ಲ. ಅಮ್ಮನ ಹಿಂದೆ ಗೇಟು ದಾಟಿಹೋದ. ಕೊಟ್ಟರು, ಬಿಡಿ. ಆ ವರ್ಷವೇ, ದೂರದ ಹಳ್ಳಿ ಕಡೆಯವರು ಕೊಟ್ಟರು. ಹೆಣ್ಣು ನೋಡುವುದಕ್ಕೆ ನನ್ನನ್ನು ಕರೆಯಲಿಲ್ಲ.

ಅಂದು ನಾನು ವಿಜಯನಗರದ ಆ ಮನೆಯ ಜಗಲಿಯಲ್ಲಿ ಒಬ್ಬಳೇ ಉಳಿದು ಚಪ್ಪಲಿ ಹುಡುಕುತ್ತಿದ್ದೆ. ಹಿಂದಿನಿಂದ ಯಾರೋ ಸೆರಗು ಜಗ್ಗಿದಂತಾಯಿತು. ತಿರುಗಿ ನೋಡಿದರೆ ಸರ್ವಮಂಗಳಾಳ ತಾಯಿ. ನಲವತ್ತೈದರ ಸುಮಾರಿನ, ಬಡಕಲು ಹೆಂಗಸು. ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು, ನನ್ನ ಕಿವಿಯ ಹತ್ತಿರ ಬಂದರು. ಮಗಳ ಮದುವೆ ಕೆಡಿಸಿದ್ದಕ್ಕೆ ಬೈಯುತ್ತಾರೆಂದುಕೊಂಡೆ.

“ಆ ಡಾಕ್ಟ್ರು ಎಲ್ಲಿರೋದಮ್ಮ?”

ನನಗೆ ತಕ್ಷಣ ಅರ್ಥವಾಗಲಿಲ್ಲ.

“ನನಗೂ ಇದೆ. ಉರಿ. ಒಂದು ವರ್ಷ ಆಯ್ತು. ಬರುತ್ತೆ, ಹೋಗುತ್ತೆ. ಯಾರಿಗೆ ಹೇಳ್ಕೊಳ್ಳೋದು? ಈಚೆಗೆ ಸಂಜೆ ಮೈ ಬೆಚ್ಚಗಾಗುತ್ತೆ.” ಒಳಗಿನಿಂದ ಗಂಡ ಕೂಗಿದ್ದು ಕೇಳಿಸಿತು. ಅವರು ಓಗೊಡಲಿಲ್ಲ. “ನೀನು ಹೇಳಿದ್ಯಲ್ಲ, ಮಾತ್ರೆ ಪೂರಾ ತಗೊಂಡ್ರೆ ವಾಸಿಯಾಗುತ್ತೆ ಅಂತ. ನಿಜವೇನಮ್ಮ?”

“ಡಾಕ್ಟ್ರು ಪರೀಕ್ಷೆ ಮಾಡಿ ಹೇಳ್ತಾರೆ. ಅವರು ಎಷ್ಟು ದಿನ ಕೊಡ್ತಾರೋ ಅಷ್ಟೂ ದಿನ ತಗೋಬೇಕು. ನಡುವೆ ಬಿಡಬಾರದು. ಯಾರಿಗೂ ಕೊಡಬಾರದು.”

“ಒಬ್ಬಳೇ ಹೋಗಿ ಅಭ್ಯಾಸ ಇಲ್ಲ ನನಗೆ.”

“ಬುಧವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಇಲ್ಲಿನ ಬಸ್‌ಸ್ಟಾಪಿನಲ್ಲಿ ನಿಂತಿರ್ತೀನಿ, ಬನ್ನಿ” ಎಂದೆ. ಅವರು ತಲೆಯಾಡಿಸಿ ಬಾಗಿಲು ತಳ್ಳಿದರು. ನಾನು ಎರಡು ಮೆಟ್ಟಿಲು ಇಳಿದವಳು ತಿರುಗಿ ನಿಂತೆ.

“ಅಮ್ಮಾ, ತಿಂಡಿ ತಿಂದು ಬನ್ನಿ. ಯಾರ ಊಟ ಆಗೋದಕ್ಕೂ ಕಾಯಬೇಡಿ.”